ಅದು ಏನು ಹುಡುಕುತ್ತಿತ್ತು

ಪರದೆಯ ಮೇಲೆ ಆ ಪ್ರಾಣಿ ಇನ್ನೊಂದು ಊರನ್ನು ತುಳಿದುಹಾಕಿತು. ಕಟ್ಟಡಗಳು ಕುಸಿದವು, ಸೇತುವೆಯೊಂದು ನಡು ಮುರಿದು ನೀರಿಗೆ ಬಿತ್ತು, ಜನ ಬಾಯಿ ತೆರೆದುಕೊಂಡು ಓಡಿದರು, ಶಿವಮೂರ್ತಿಗೆ ಆಕಳಿಕೆ ಬಂತು. ಆಕಳಿಸಿದ ಮೇಲೆ ನಾಚಿಕೆಯಾಯಿತು. ಇಷ್ಟೊಂದು ಸಾವು ನೋಡುತ್ತ ಆಕಳಿಸುವವನು ಎಂಥ ಮನುಷ್ಯ ಎಂದುಕೊಂಡ. ಆದರೆ ತಪ್ಪೆಲ್ಲ ಅವನದೇ ಆಗಿರಲಿಲ್ಲ. ಆ ಸಿನಿಮಾದಲ್ಲಿ ಯಾರಿಗೂ ಯಾರ ಮೇಲೂ ಹೇಳಿಕೊಳ್ಳುವಂಥ ಮೋಹ ಇದ್ದಂತಿರಲಿಲ್ಲ. ಮನೆ ಬಿದ್ದುಹೋದವನು ಧೂಳು ಕೊಡವಿಕೊಂಡು ಎದ್ದು ತಮಾಷೆ ಮಾಡಿದ. ಗೆಳತಿಯನ್ನು ಕಳೆದುಕೊಂಡ ವಿಜ್ಞಾನಿ ಕನ್ನಡಕ ಸರಿಮಾಡಿಕೊಂಡು ಮುಂದಿನ ಗುಂಡಿ ಒತ್ತಿದಳು. ಕನ್ನಡಕ್ಕೆ ಡಬ್ ಮಾಡಿದವರೂ ಅಷ್ಟೇ ಅವಸರದಲ್ಲಿದ್ದರೇನೋ, ಬಾಯಿ ಮುಚ್ಚಿದ ಮೇಲೂ ಮಾತು ಬರುತ್ತಿತ್ತು. ಐದನೇ ಕ್ಲಾಸಿನ ಮಗಳು ಇಂಪನಾ ಹೋದ ಭಾನುವಾರವೇ ಚಿಕ್ಕಪ್ಪ ಉಜ್ವಲನ ಜೊತೆ ತಿಪಟೂರಿಗೆ ಬಂದು ಇದನ್ನು ನೋಡಿ, ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ತೀರ್ಪು ಕೊಟ್ಟಿದ್ದಳು: "ಮಾನ್‌ಸ್ಟರ್ ಸೂಪರಾಗಿದೆ ಅಪ್ಪ. ಜನ ಮಾತ್ರ ವೇಸ್ಟು." ಗೊತ್ತಿದ್ದೂ ಅವನು ಬಂದಿದ್ದ. ಸಿನಿಮಾ ಹೇಗಿದ್ದರೂ ಅವನಿಗೆ ನಡೆಯುತ್ತಿತ್ತು. ಮಧ್ಯಾಹ್ನದಿಂದ ಸಂಜೆಯವರೆಗೆ ಹೆಂಡತಿಯನ್ನು ತೋಟದಿಂದ ದೂರ ಇಟ್ಟರೆ ಸಾಕಿತ್ತು.

ಹೆಂಡತಿ ಭಾನುಪ್ರಿಯಾ ಪಕ್ಕದ ಸೀಟಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದಳು. ಮಡಿಲಲ್ಲಿ ಬಟ್ಟೆಯ ಚೀಲ, ಅದರ ಮೇಲೆ ಎರಡೂ ಕೈ. ಬೆಳಿಗ್ಗೆ ಅವನು "ಇವತ್ತು ಪಿಚ್ಚರ್‌ಗೆ ಹೋಗಣ ಕಣೇ" ಎಂದಾಗ ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಅವನ ಮುಖ ನೋಡಿದ್ದಳು. ಇವತ್ತೇ ಯಾಕೆ ಎಂದು ಕೇಳಲಿಲ್ಲ. ಇವತ್ತು ರಸ್ತೆಯವರ ಜೆಸಿಬಿ ಬರುತ್ತದೆಂದು ಅವಳಿಗೂ ಗೊತ್ತಿತ್ತು. ಬಿಳಿಗೆರೆಯ ಅವರ ತೋಟದ ಬೇಲಿ ಸಾಲು, ಅಂದರೆ ರಸ್ತೆಯ ಪಕ್ಕದ ಅಷ್ಟೂ ತೆಂಗು, ಅಗಲವಾಗುವ ರಸ್ತೆಗೆ ಹೋಗಿತ್ತು. ಮರಗಳನ್ನು ಹೋದ ವಾರವೇ ಉರುಳಿಸಿದ್ದರು. ಇವತ್ತು ಬೇರು ಕಿತ್ತು ಮಣ್ಣು ತೆಗೆಯುವುದು. ಅವಳ ಮರ ಮಾತ್ರ ಆ ಸಾಲಿನಿಂದ ಒಳಗಿತ್ತು. ಅಳತೆಯವರು ಬಂದು ಕೆಂಪು ಬಣ್ಣದ ಗೂಟ ಹೊಡೆದ ದಿನ, ಗೂಟ ಅವಳ ಮರದಿಂದ ಆಚೆಗೇ ನಿಂತಿದ್ದನ್ನು ಕಂಡು ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಶಿವನೇ, ಉಳಿಸಿಕೊಟ್ಟೆಯಪ್ಪ" ಎಂದಿದ್ದಳು. ಅವನು ಅಲ್ಲೇ ನಿಂತು ಹೂಂ ಎಂದಿದ್ದ. ಆ ಹೂಂ ಅವತ್ತಿನಿಂದ ಅವನ ಗಂಟಲಲ್ಲಿ ಹಾಗೇ ಕೂತಿತ್ತು.

ಯಾಕೆಂದರೆ ಮಗು ಅವಳ ಮರದ ಬುಡದಲ್ಲಿ ಇರಲಿಲ್ಲ. ಇಂಪನಾಳಿಗಿಂತ ಮೊದಲು ಹುಟ್ಟಿದ ಗಂಡುಮಗು, ತಿಂಗಳು ತುಂಬದೆ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಕೆಲವು ದಿನ ಉಸಿರಾಡಿ, ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿಬಿಟ್ಟಿತ್ತು. ಅವರ ಮನೆತನದಲ್ಲಿ ಹೋದವರನ್ನೆಲ್ಲ ತೋಟದಲ್ಲೇ ಮಣ್ಣು ಮಾಡುವುದು. ದೊಡ್ಡವರಿಗೆ ಕಲ್ಲು ಕಟ್ಟಿಸುತ್ತಾರೆ, ವಿಭೂತಿ ಇಡುತ್ತಾರೆ, ಹಬ್ಬಕ್ಕೆ ಎಡೆ ಇಡುತ್ತಾರೆ. ಹಸುಗೂಸಿಗೆ ಮಾತ್ರ ಗುರುತು ಇಡುವುದಿಲ್ಲ. ಗಂಡಸರಿಬ್ಬರು ಹೋಗಿ ಯಾವುದಾದರೂ ತೆಂಗಿನ ಬುಡದಲ್ಲಿ ಮಣ್ಣು ಮಾಡಿ ಬಂದು, ಎಲ್ಲಿ ಎಂದು ಹೆತ್ತವಳಿಗೆ ಹೇಳುವುದಿಲ್ಲ. ಹೇಳಿದರೆ ಅವಳು ಅಲ್ಲೇ ಹೋಗಿ ಕೂರುತ್ತಾಳೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎಂದು ಹಿರಿಯರ ಲೆಕ್ಕ. ಭಾನು ಕೇಳಿದಳು. ಹಸಿ ಮೈಯಲ್ಲಿ ಗೋಡೆ ಹಿಡಿದು ಎದ್ದು ಮನೆಯ ಕಿಟಕಿಗೆ ಬಂದು, "ಯಾವ ಮರ, ಅಷ್ಟು ಹೇಳಿ ಸಾಕು, ನಾನು ಹೋಗಲ್ಲ" ಎಂದಳು. ಅವಳ ಬಾಯಿ ಒಣಗಿತ್ತು. ರವಿಕೆ ಹಾಲಿಗೆ ನೆಂದಿತ್ತು. ಅದನ್ನು ನೋಡಲಾರದೆ ಅವನು ಕಿಟಕಿಯಾಚೆ ಕೈ ತೋರಿಸಿದ. ಕೈ ಹೋದ ಕಡೆ ಆಗಿನ್ನೂ ಆಳೆತ್ತರದ ಒಂದು ತೆಂಗಿನ ಗಿಡವಿತ್ತು. "ಅದು" ಎಂದ.

ಅವಳು ಹೋಗುವುದಿಲ್ಲ ಎಂದಿದ್ದವಳು ಬಾಣಂತನ ಮುಗಿದ ಮೇಲೆ ದಿನಾ ಹೋದಳು. ಬಿಂದಿಗೆಯಲ್ಲಿ ನೀರು ಹೊತ್ತಳು. ಗಿಡ ಮರವಾಯಿತು, ಹೊಂಬಾಳೆ ಬಿಟ್ಟಿತು. ಅದರ ಕಾಯನ್ನು ಅವಳು ಉಳಿದವುಗಳ ಜೊತೆ ಸೇರಿಸಲು ಬಿಡಲಿಲ್ಲ. ಅಟ್ಟದ ಒಂದು ಮೂಲೆಯಲ್ಲಿ ಬೇರೆಯಾಗಿ ಹರವಿದಳು. ವರ್ಷವಿಡೀ ಅಟ್ಟದಲ್ಲಿ ಕೂತ ಕಾಯಿಯೊಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಗ ಒಡೆದು ಮಾರುಕಟ್ಟೆಗೆ ಹಾಕುವುದು ಸುತ್ತಲಿನ ಊರುಗಳವರ ಬದುಕು. ಅವಳ ಮೂಲೆಯ ಕಾಯನ್ನು ಒಡೆದು ಇಂಪನಾಳ ಹುಟ್ಟುಹಬ್ಬಕ್ಕೆ ಹೋಳಿಗೆ ಮಾಡುತ್ತಿದ್ದಳು, ಅಷ್ಟೇ. ಆದರೆ ಮೊದಲ ಫಸಲಿನ ಒಂದು ಕಾಯಿ, ಸಿಪ್ಪೆ ಸುಲಿದದ್ದು, ಚಿಪ್ಪು ಒಡೆಯದೆ ಹಾಗೇ ಇಟ್ಟಿದ್ದಳು. ಬೆಳಿಗ್ಗೆ ಅಟ್ಟದ ಮೇಲೆ ಹೋಗಿ ಅದನ್ನು ಅಲ್ಲಾಡಿಸುತ್ತಾಳೆ. ಕೆಳಗೆ ಕಾಫಿ ಕುಡಿಯುತ್ತ ಕೂತ ಅವನಿಗೆ ಕೇಳಿಸುತ್ತದೆ. ಗಡಗಡ, ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ಗಡಗಡ. ಗಿಲಕಿ ಆಡಿಸಿದ ಹಾಗೆ. ಒಮ್ಮೊಮ್ಮೆ ಅವಳು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿರುವಾಗಲೂ ಮೇಲಿನಿಂದ ಆ ಸದ್ದು ಬಂದಂತಾಗಿ, ಇಲಿ ಇರಬೇಕು ಎಂದುಕೊಂಡು ಅವನು ಲೋಟ ಕೆಳಗಿಡುತ್ತಿದ್ದ.

"ರೀ, ಅದೇನು ಹುಡುಕ್ತಾ ಐತೆ?" ಎಂದಳು ಭಾನು ಕತ್ತಲಲ್ಲಿ.

"ಯಾವುದು?"

"ಅದೇ, ಆ ಪ್ರಾಣಿ. ನೋಡಿ, ಮನೆ ಬೀಳಿಸಬೇಕು ಅಂತ ಬೀಳಿಸ್ತಿಲ್ಲ ಅದು. ಅಗೀತಾ ಐತೆ."

ಅವನು ನೋಡಿದ. ಹೌದು, ಅಗೆಯುತ್ತಿತ್ತು. ಎರಡು ಕಟ್ಟಡಗಳ ನಡುವೆ ಮಂಡಿಯೂರಿ ಮುಂಗೈಯಿಂದ ರಸ್ತೆಯನ್ನು ಕೆರೆದು, ಮಣ್ಣು ಕಲ್ಲು ಕಾರು ಎಲ್ಲವನ್ನೂ ಬಾಚಿ ಪಕ್ಕಕ್ಕೆ ಹಾಕಿ, ಗುಂಡಿಯೊಳಗೆ ಮುಖ ಇಟ್ಟು ಮೂಸಿತು. ಆಮೇಲೆ ಎದ್ದು ಮುಂದಿನ ಬೀದಿಗೆ ಹೋಯಿತು. ಮೊದಲಿನಿಂದಲೂ ಅದು ಮಾಡುತ್ತಿದ್ದದ್ದು ಇದೇ ಇರಬೇಕು, ಅವನು ಗಮನಿಸಿರಲಿಲ್ಲ. ಸಿನಿಮಾದ ಜನರೂ ಗಮನಿಸಿದಂತಿರಲಿಲ್ಲ. ಅವರಿಗೆ ಗುಂಡು ಹೊಡೆಯುವ ಆತುರ. "ಏನೋ ಕತೆ ಹೇಳ್ತಾರೆ ಬುಡು ಮುಂದೆ" ಎಂದ. ಅದರ ಹೆಜ್ಜೆಗೆ ಟಾಕೀಸಿನ ನೆಲ, ಸೀಟು, ಅವನ ಎದೆಯ ಗೂಡು ಅದುರಿತು. ಆ ಅದುರಿನ ಕೊನೆಯಲ್ಲಿ ಬಲಗಡೆಯಿಂದ, ತೀರಾ ಹತ್ತಿರದಿಂದ, ಸಣ್ಣಗೆ ಗಡಗಡ ಎಂದು ಕೇಳಿಸಿತು. ಮತ್ತೊಂದು ಹೆಜ್ಜೆ ಬಿತ್ತು, ಮತ್ತೆ ಗಡಗಡ. ಭಾನುವಿನ ಮಡಿಲಿನ ಚೀಲದಿಂದ ಬರುತ್ತಿತ್ತು. ಅವಳು ಅಂಗೈಯಿಂದ ಚೀಲವನ್ನು ಮೆಲ್ಲಗೆ ತಟ್ಟಿದಳು, ಸದ್ದು ನಿಂತಿತು.

ಅಟ್ಟದ ಆ ಕಾಯಿಯೇ. ಮನೆಯಲ್ಲಿ ಬಿಟ್ಟು ಬರಲು ಮನಸ್ಸಾಗಿಲ್ಲ, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡ. ಇಂಟರ್‌ವಲ್‌ನ ದೀಪ ಹತ್ತಿದಾಗ ಟಾಕೀಸು ಇನ್ನೂ ದೊಡ್ಡದಾಗಿ, ಖಾಲಿಯಾಗಿ ಕಂಡಿತು. ಮುಂದೆ ನಾಲ್ಕಾರು ಕಾಲೇಜು ಹುಡುಗರು, ಹಿಂದೆ ಯಾರೋ ಮಲಗಿದ್ದವರು. ಸೀಟು ಬದಲಾಗಿತ್ತು, ಗೋಡೆಗೆ ಹೊಸ ಬಣ್ಣ ಬಂದಿತ್ತು, ಆದರೆ ಬಾಗಿಲ ಮೇಲಿನ ಕೆಂಪು ದೀಪ ಅದೇ. ಮಗು ಹೋದ ದಿನ ಅವನು ಇದೇ ಕಡೆ, ಹೆಚ್ಚುಕಡಿಮೆ ಇದೇ ಸಾಲಿನಲ್ಲಿ ಕೂತಿದ್ದ. ಆಸ್ಪತ್ರೆಯ ಮೆಟ್ಟಿಲ ಮೇಲೆ ನರ್ಸು ಬಿಳಿ ಬಟ್ಟೆಯ ಗಂಟನ್ನು ಚಾಚಿದಾಗ ಅವನ ಕೈ ಮುಂದೆ ಬರಲೇ ಇಲ್ಲ. ಚಿಕ್ಕಪ್ಪ ಬಸವರಾಜಪ್ಪ ತಗೊಂಡರು. "ಬತ್ತೀಯೇನಪ್ಪ?" ಎಂದು ಕೇಳಿದರು. ಬಾ ಎನ್ನಲಿಲ್ಲ, ಬರಬೇಡ ಎನ್ನಲೂ ಇಲ್ಲ. "ನೀವು ಹೋಗಿರಿ, ಔಷಧಿ ಚೀಟಿ ತಗೊಂಡು ಬತ್ತೀನಿ" ಎಂದ. ಚಿಕ್ಕಪ್ಪ ಮತ್ತು ತೋಟದ ಆಳು ಕೆಂಚಯ್ಯ ಆಟೋ ಹತ್ತಿದರು. ಅವನು ಔಷಧಿ ಅಂಗಡಿಯ ಕಡೆ ನಡೆದ, ಅದನ್ನು ದಾಟಿದ, ಬಿಸಿಲಿಗೆ ಕಣ್ಣು ಕತ್ತಲಿಟ್ಟಿತು, ಎದುರಿಗೆ ಟಾಕೀಸಿತ್ತು. ಒಳಗೆ ಕತ್ತಲಿರುತ್ತದೆ ಎಂದು ಟಿಕೆಟ್ ತಗೊಂಡ. ಯಾವ ಸಿನಿಮಾ ಎಂದು ಈಗಲೂ ನೆನಪಿಲ್ಲ. ಜನ ನಕ್ಕಿದ್ದು ನೆನಪಿದೆ. ಎಲ್ಲರೂ ನಗುತ್ತಿರುವಾಗ ಸುಮ್ಮನಿದ್ದರೆ ಯಾರಾದರೂ ತಿರುಗಿ ನೋಡುತ್ತಾರೇನೋ ಎಂದು ಹೆದರಿ, ಅವನೂ ನಕ್ಕಿದ್ದ.

ಜೇಬಿನಲ್ಲಿ ಫೋನು ಅದುರಿತು. ಅವನು ಎದ್ದು ಬಾಗಿಲ ಬಳಿ ಹೋದ. ಉಜ್ವಲ್, ಬಸವರಾಜಪ್ಪನವರ ಮಗ.

"ಅಣ್ಣ, ಎಲ್ಲಿದ್ದೀರಾ? ಮನೆಗೆ ಬೀಗ ಹಾಕೈತೆ."

"ತಿಪಟೂರಲ್ಲಿದ್ದೀನಿ ಕಣಪ್ಪ. ಕೆಲಸ ಇತ್ತು."

ಅದೇ ಹೊತ್ತಿಗೆ ಪಕ್ಕದ ಸ್ಪೀಕರಿನಲ್ಲಿ ಬನಿಯನ್ನಿನ ಜಾಹೀರಾತು ಗಟ್ಟಿಯಾಗಿ ಹಾಡಿತು. ಅದು ಆ ಕಡೆ ಉಜ್ವಲನಿಗೂ ಕೇಳಿಸಿತು. "ಪಿಚ್ಚರ್‌ಗೆ ಹೋಗಿದ್ದೀರಾ?" ಎಂದ. ಅವನ ದನಿಯಲ್ಲಿ ನಗೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅದೇ ಹೆಚ್ಚು ನೋಯಿಸಿತು. "ಸರಿ ಬುಡಿ. ಅತ್ತಿಗೆ ಮರಕ್ಕೆ ಏನೂ ಆಗದಂಗೆ ನಾನೇ ನಿಂತು ನೋಡ್ಕೋತಿದ್ದೀನಿ ಅಂತ ಹೇಳಿ."

"ಉಜ್ವಲ್," ಎಂದ ಶಿವಮೂರ್ತಿ. "ಮಣ್ಣಲ್ಲಿ ಏನಾದ್ರೂ..."

"ಏನಣ್ಣ?"

"ಏನಿಲ್ಲ. ಇಡು."

ಚಿಕ್ಕಪ್ಪ ಹೋಗಿ ವರ್ಷಗಳಾದವು. ಕೆಂಚಯ್ಯನೂ ಇಲ್ಲ. ಅವರು ಬದುಕಿದ್ದಾಗ ಕೇಳಬಹುದಿತ್ತು. ಕೇಳಿದರೆ, ನೀನೆಲ್ಲಿದ್ದೆ ಅವತ್ತು ಎಂಬ ಮಾತು ಬರುತ್ತದೆಂದು ಕೇಳಲಿಲ್ಲ. ಒಂದು ಸಲ ಮಾತ್ರ, ಬೇಲಿ ಸಾಲಿನಲ್ಲಿ ಗುಂಡಿ ತೋಡಿ ಗೊಬ್ಬರ ಹಾಕುವಾಗ, ಕೆಂಚಯ್ಯ ಹಾರೆಯನ್ನು ಪಕ್ಕಕ್ಕಿಟ್ಟು, "ಈ ಸಾಲು ಬ್ಯಾಡ ಬುಡಿ ಸ್ವಾಮಿ" ಎಂದು ತಲೆ ತಗ್ಗಿಸಿದ್ದ. ಯಾವ ಮರ ಎನ್ನಲಿಲ್ಲ. ಅಷ್ಟೇ ಅವನಿಗೆ ಗೊತ್ತಿದ್ದದ್ದು. ಆ ಸಾಲಿನ ಬುಡಗಳನ್ನು ಈಗ ಒಂದೊಂದಾಗಿ ಕೀಳುತ್ತಿದ್ದರು. ಬೇರಿನ ಜೊತೆ ಒಂದು ಬಿಳಿ ಬಟ್ಟೆಯ ಚೂರು ಮೇಲೆ ಬಂದರೆ? ಬರುವುದಿಲ್ಲ, ಬಟ್ಟೆ ಎಂದೋ ಮಣ್ಣಾಗಿರುತ್ತದೆ, ಅಷ್ಟು ಎಳೆಯ ಮೂಳೆ ಉಳಿಯುವುದೂ ಇಲ್ಲ. ಇದನ್ನೆಲ್ಲ ಅವನು ಹೋದ ವಾರವಿಡೀ ಲೆಕ್ಕ ಹಾಕಿದ್ದ. ಏನೂ ಬಾರದಿದ್ದರೆ ಭಾನು ತನ್ನ ಮರದ ಬುಡಕ್ಕೆ ನೀರು ಹಾಕುತ್ತ ಸಮಾಧಾನವಾಗಿ ಮುದುಕಿಯಾಗುತ್ತಾಳೆ. ಅವನು ಸುಮ್ಮನಿದ್ದರೆ ಆಯಿತು. ಸುಮ್ಮನಿರುವುದರಲ್ಲಿ ಅವನು ಪಳಗಿದವನು.

ದ್ವಿತೀಯಾರ್ಧ ಇನ್ನೂ ಕಡೆಯಾಗಿತ್ತು. ನಾಯಕನ ಮಗಳು ಪ್ರಾಣಿಯ ಕಾಲಡಿಗೆ ಸಿಕ್ಕಿ ಸತ್ತಳು. ಅವನು ಆಗ ಇನ್ನೆಲ್ಲೋ ಹೆಲಿಕಾಪ್ಟರಿನಲ್ಲಿದ್ದ. ಮುಂದಿನ ದೃಶ್ಯದಲ್ಲೇ ಹೆಂಡತಿಯ ಮುಂದೆ ನಿಂತು, "ನಾನು ಅವಳ ಜೊತೆಯಲ್ಲೇ ಇದ್ದೆ. ಅವಳಿಗೆ ನೋವಾಗಲಿಲ್ಲ" ಎಂದ. ಹೆಂಡತಿ ಒಂದು ಹನಿ ಕಣ್ಣೀರು ಹಾಕಿ, ನಕ್ಕು, ಬಂದೂಕು ಕೈಗೆತ್ತಿಕೊಂಡಳು. ಮುಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದು ಗೇಲಿ ಮಾಡಿದರು. ಶಿವಮೂರ್ತಿಗೆ ತಡೆಯಲಾರದ ಕೋಪ ಬಂತು. ಹೀಗೆ ಹೇಳುತ್ತಾರೆಯೇ ಯಾರಾದರೂ? ಅಷ್ಟು ದೊಡ್ಡ ಸುಳ್ಳು, ಒಂದು ಸಲವೂ ಎಂಜಲು ನುಂಗದೆ? ಆಮೇಲೆ ಅವಳು ಅದೇ ಮಾತನ್ನು ದಿನಾ ನೆನೆಯುತ್ತಾಳೆ, ದಿನಾ ನೀರು ಹೊರುತ್ತಾಳೆ, ನೀನು ದಿನಾ ಕಾಫಿ ಕುಡಿಯುತ್ತ ಅದನ್ನು ಕೇಳಿಸಿಕೊಳ್ಳಬೇಕು. ಅದನ್ನು ತೋರಿಸಬೇಕಲ್ಲವೇ? ಇವನಿಗೇನು, ಮತ್ತೆ ಹೆಲಿಕಾಪ್ಟರ್ ಹತ್ತಿದ.

"ಸುಳ್ಳು ಹೇಳ್ತಾವ್ನೆ ಅವ್ನು," ಎಂದಳು ಭಾನು.

"ಅದು ನಮಗೆ ಗೊತ್ತು. ಅವಳಿಗೆ ಹೆಂಗೆ ಗೊತ್ತಾಗ್ಬೇಕು?"

"ಗೊತ್ತಾಗುತ್ತೆ. ಮಗೀನ ಮುಖ ಹೆಂಗಿತ್ತು ಅಂತ ಒಂದು ಮಾತೂ ಹೇಳ್ಲಿಲ್ಲ ನೋಡಿ. ಜೊತೆಗಿದ್ದವನು ಅದನ್ನ ಹೇಳ್ದೆ ಇರ್ತಾನಾ?" ಪರದೆಯ ಬೆಳಕಿನಲ್ಲಿ ಅವಳ ಮುಖ ನೀಲಿಯಾಗಿತ್ತು. ಅವಳು ಅವನ ಕಡೆ ತಿರುಗಲಿಲ್ಲ. "ಅವಳೂ ಕೇಳ್ಲಿಲ್ಲ. ಕೇಳಿದ್ರೆ ಆ ಒಂದು ಸಮಾಧಾನಾನೂ ಇಲ್ದಂಗಾಗುತ್ತೆ ಅಂತ ಭಯ ಇರಬೇಕು."

ಕೊನೆಗೆ ವಿಮಾನಗಳು ಬಂದು ಪ್ರಾಣಿಯನ್ನು ಕೊಂದವು. ಬೀಳುವ ಮೊದಲು ಅದು ಇನ್ನೊಂದು ಸಲ ನೆಲ ಕೆರೆಯಿತು. ನಾಯಕ, ನಾಯಕಿ, ವಿಜ್ಞಾನಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅದು ಏನು ಹುಡುಕುತ್ತಿತ್ತು ಎಂದು ಯಾರೂ ಹೇಳಲಿಲ್ಲ. ಬರೆದವರಿಗೇ ಮರೆತುಹೋಗಿತ್ತೋ, ಅಥವಾ ಹುಡುಕುತ್ತಿತ್ತು ಎಂಬುದೇ ಭಾನುವಿನ ಊಹೆಯೋ. "ಅದಕ್ಕೆ ಸಿಗಲೇ ಇಲ್ಲ" ಎಂದಳು ಅವಳು. ದೀಪ ಹತ್ತಿತು. ಹುಡುಗರು ಬೈದುಕೊಳ್ಳುತ್ತ ಹೊರಗೆ ಹೋದರು. ಪರದೆಯ ಮೇಲೆ ಹೆಸರುಗಳು ಸಾಲುಸಾಲಾಗಿ ಮೇಲಕ್ಕೆ ಸರಿಯತೊಡಗಿದವು. ಪೊರಕೆ ಹಿಡಿದ ಹೆಂಗಸು ಹಿಂದಿನ ಸಾಲಿನಿಂದ ಗುಡಿಸುತ್ತ ಬಂದಳು. ಭಾನು ಏಳಲಿಲ್ಲ.

"ಎಷ್ಟು ಹೆಸ್ರು ನೋಡಿ. ಒಬ್ರನ್ನೂ ಬಿಡದೆ ಹಾಕವ್ರೆ."

ಅವನ ಬಾಯಿ ತೆರೆಯಿತು. ಅವನು ತೆರೆಯಬೇಕೆಂದು ತೆರೆದದ್ದಲ್ಲ. "ಭಾನು, ಆ ಮರ ಅಲ್ಲ."

ಅವಳು ಯಾವ ಮರ ಎಂದು ಕೇಳಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು. "ಮತ್ಯಾವುದು?"

"ಗೊತ್ತಿಲ್ಲ. ಬೇಲಿ ಸಾಲು. ಅಷ್ಟೇ ಗೊತ್ತು. ಚಿಕ್ಕಪ್ಪ, ಕೆಂಚಯ್ಯ ಇಬ್ರೇ ಹೋಗಿದ್ರು."

"ನೀವು?"

ಆಸ್ಪತ್ರೆಯಲ್ಲಿದ್ದೆ ಎಂಬ ಮಾತು ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. "ಇಲ್ಲಿದ್ದೆ," ಎಂದ. "ಇಲ್ಲೇ ಕೂತಿದ್ದೆ ಕಣೇ. ಪಿಚ್ಚರ್ ನೋಡ್ತಾ." ಗುಡಿಸುವ ಹೆಂಗಸು ಹತ್ತಿರ ಬಂದು ನಿಂತಳು. ಭಾನು ಕಾಲು ಎತ್ತಿದಳು, ಅವನೂ ಎತ್ತಿದ. ಹೆಂಗಸು ಸೀಟಿನ ಕೆಳಗಿನ ಪಾಪ್‌ಕಾರ್ನ್ ಗುಡಿಸಿಕೊಂಡು ಮುಂದೆ ಹೋಗುವವರೆಗೂ ಇಬ್ಬರೂ ಹಾಗೇ ಕಾಲೆತ್ತಿ ಕೂತಿದ್ದರು.

"ಹಂಗಾದ್ರೆ ನನ್ನ ಮರ?" ಎಂದಳು ಆಮೇಲೆ.

"ಬರೀ ಮರ."

"ಬರೀ ಮರ ಯಾಕಾಗುತ್ತೆ?" ಅವಳ ದನಿ ಮೊದಲ ಸಲ ಮೇಲೆದ್ದಿತು. "ಇಷ್ಟು ವರ್ಷ ಮಾತಾಡ್ಸಿದ್ದೀನಿ." ಅಷ್ಟು ಹೇಳಿ ಚೀಲ ಎದೆಗೊತ್ತಿಕೊಂಡು ಎದ್ದು, ಅವನಿಗೆ ಕಾಯದೆ ಬಾಗಿಲ ಕಡೆ ಹೊರಟಳು. ಹೊರಗಿನ ಬಿಸಿಲು ಇನ್ನೂ ಇತ್ತು. ಸ್ಕೂಟರಿನ ಬಳಿ ಅವನು ಉಜ್ವಲನಿಗೆ ಫೋನು ಮಾಡಿದ. ಎಲ್ಲ ಮುಗಿಯಿತು ಎಂದ ಉಜ್ವಲ್. ಏನೂ ಸಿಗಲಿಲ್ಲವೇ ಎಂದು ಇವನು ಈ ಸಲ ಕೇಳಿಯೇಬಿಟ್ಟ. "ಏನ್ ಸಿಗ್ಬೇಕಿತ್ತಣ್ಣ? ಒಳ್ಳೆ ಮಣ್ಣು ಅಂತ ಟಿಪ್ಪರ್‌ಗೆ ತುಂಬ್ಕೊಂಡು ಹೋದ್ರು. ಊರ ಹತ್ರ ಹಳ್ಳದ ಕಡೆ ರಸ್ತೆ ಎತ್ತರಿಸ್ತಾವ್ರಲ್ಲ, ಅಲ್ಲಿಗೇ ಸುರಿದ್ರು." ಇವನು ಅದನ್ನು ಹಾಗೇ ಭಾನುವಿಗೆ ಹೇಳಿದ. ಒಂದಕ್ಷರ ಮುಚ್ಚಿಡಲಿಲ್ಲ. ಅವಳು ಕೇಳಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಯಾವಾಗಲೂ ಅವನ ಹೆಗಲ ಮೇಲೆ ಇಡುವ ಕೈ ಇವತ್ತು ಬರಲಿಲ್ಲ.

ಕೊಬ್ಬರಿ ಮಂಡಿಗಳ ಸಿಹಿಯಾದ ಕಮಟು ವಾಸನೆ ದಾಟಿ, ಊರು ದಾಟಿ, ಸ್ಕೂಟರು ಹೋಯಿತು. ಎರಡೂ ಕಡೆಯ ತೋಟಗಳು ಕತ್ತರಿಸಿಟ್ಟಂತೆ ಬೋಳಾಗಿ ನಿಂತಿದ್ದವು. ಪ್ರತಿ ಗುಂಡಿಗೂ ಚಕ್ರ ಎದ್ದು ಬಿದ್ದಾಗ ಅವನ ಬೆನ್ನಿಗೆ ತಾಗಿದ ಚೀಲದೊಳಗೆ ಗಡಗಡ ಎನ್ನುತ್ತಿತ್ತು. ಅವನಿಗೆ ಹಿಂದೆ ಇಬ್ಬರು ಕೂತಿದ್ದಾರೆ ಎನ್ನಿಸಿತು. ಕನ್ನಡಿಯಲ್ಲಿ ನೋಡಲು ಧೈರ್ಯವಾಗಲಿಲ್ಲ. ಹಳ್ಳದ ಹತ್ತಿರ ಹಳೆಯ ರಸ್ತೆಯ ಪಕ್ಕಕ್ಕೆ ಹೊಸ ಮಣ್ಣು ದಿಬ್ಬವಾಗಿ ಹರಡಿತ್ತು, ಇನ್ನೂ ಹಸಿ, ಅಲ್ಲಲ್ಲಿ ತೆಂಗಿನ ಬೇರಿನ ತುಂಡು. ದೂರದಲ್ಲಿ ರೋಲರೊಂದು ಇತ್ತ ಕಡೆ ಉರುಳುತ್ತ ಬರುತ್ತಿತ್ತು. ಅವಳು ಬೆನ್ನಿಗೆ ಬೆರಳಿನಿಂದ ಒತ್ತಿದಳು. ಅವನು ನಿಲ್ಲಿಸಿದ.

ಭಾನು ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ಕಾಲಿಟ್ಟಳು. ಸ್ವಲ್ಪ ದೂರ ನಡೆದಳು, ನಿಂತಳು, ಸುತ್ತ ನೋಡಿದಳು. ಇನ್ನೆಲ್ಲಿ ಎಂದು ನೋಡುವುದು, ಎಲ್ಲವೂ ಒಂದೇ ಮಣ್ಣು. ಅವನೂ ಚಪ್ಪಲಿ ಬಿಟ್ಟು ಹಿಂದೆ ಹೋದ. ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ, ಇಲ್ಲೇ ಬಿದ್ದು ಹೊರಳಿ ಅಳುತ್ತಾಳೆ ಎಂದು ಕಾದ. ಅವಳು ಚೀಲದ ಬಾಯಿ ಬಿಚ್ಚಿ ಕಾಯನ್ನು ಹೊರತೆಗೆದಳು. ವರ್ಷಗಳಿಂದ ಕೈಯಾಡಿ ಅದರ ಚಿಪ್ಪು ನುಣುಪಾಗಿತ್ತು. ನೆತ್ತಿಯ ಮೇಲೆ ಒಂದಿಷ್ಟು ಜುಟ್ಟು ಮಾತ್ರ ಉಳಿದಿತ್ತು.

"ಎತ್ಕೊಳ್ಳಿ," ಎಂದಳು.

ಅವನು ಒಂದು ಕೈ ಚಾಚಿದ, ಅಂಗಡಿಯಲ್ಲಿ ಕಾಯಿ ತೆಗೆದುಕೊಳ್ಳುವ ಹಾಗೆ.

"ಹಂಗಲ್ಲ. ತಲೆ ಕೆಳಗೆ ಕೈ ಕೊಡಿ."

ಅವನು ಎರಡೂ ಕೈ ಕೂಡಿಸಿ ಒಡ್ಡಿದ. ಅವಳು ಅದನ್ನು ಅವನ ಅಂಗೈಗಳಲ್ಲಿ ಇಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಸರಿಮಾಡಿ, ತನ್ನ ಕೈ ಬಿಟ್ಟಳು. ಅವನು ಅಲುಗಾಡಲಿಲ್ಲ, ಉಸಿರನ್ನೂ ಬಿಡಲಿಲ್ಲ. ಆದರೂ ಒಳಗೆ ಒಂದು ಸಲ ಏನೋ ಮೆಲ್ಲಗೆ ಮಗ್ಗುಲು ಬದಲಿಸಿತು. ಅಷ್ಟು ಹೊತ್ತು ಇಲ್ಲದ ಅಳು ಅವನಿಗೆ ಹೊಟ್ಟೆಯಿಂದ ಎದ್ದು ಬಂತು.

"ಇಷ್ಟೇ ಹಗುರಾನಾ?" ಎಂದ.

"ಹೂಂ," ಎಂದಳು ಭಾನು. "ಇಷ್ಟೇ ಇದ್ದ."